ಬೆಳಗಿನ ಎರಡನೇ ಮೂತ್ರ: ಮೂಳೆ ಸವೆತದ ಪರೀಕ್ಷೆ ಮಾಡಿಸಿಕೊಂಡ ನನ್ನ ಕಥೆ

ಮೂಳೆ ಎಷ್ಟು ಜೋರಾಗಿ ಕರಗುತ್ತಿದೆ ಅಂತ ಮೂತ್ರದಲ್ಲಿ ನೋಡುವ ಪರೀಕ್ಷೆಯೊಂದಿದೆ, ಹೋದ ವಾರ ಅದರ ಎರಡನೇ ರಿಪೋರ್ಟ್ ನನ್ನ ಕೈಗೆ ಬಂತು. ಡಾಕ್ಟರ್ ಮೊದಲ ಚೀಟಿ ಬರೆದ ದಿನದಿಂದ ಲೆಕ್ಕ ಹಾಕಿದರೆ ಹತ್ತು ತಿಂಗಳು. ಈ ಪರೀಕ್ಷೆಗೆ ನಿಜವಾಗಿ ಬೇಕಾಗಿದ್ದು ಎರಡು ಬೆಳಗ್ಗೆ, ಎರಡು ಸಣ್ಣ ಡಬ್ಬಿ, ಅಷ್ಟೇ. ನಾನು ತುಂಬಿಸಿದ್ದು ನಾಲ್ಕು, ಅದರಲ್ಲಿ ಒಂದು ದೊಡ್ಡ ಕ್ಯಾನು. ಯಾರಾದರೂ ಮೊದಲೇ ಕೂರಿಸಿಕೊಂಡು ಹೇಳಿದ್ದರೆ ಅರ್ಧ ಓಡಾಟ ಉಳಿಯುತ್ತಿತ್ತು. ನನಗೆ ಹೇಳುವವರು ಸಿಗಲಿಲ್ಲ, ನಿಮಗಾದರೂ ಸಿಗಲಿ ಅಂತ ಬರೆಯುತ್ತಿದ್ದೇನೆ. ನಾನು ಡಾಕ್ಟರೂ ಅಲ್ಲ, ಲ್ಯಾಬಿನವಳೂ ಅಲ್ಲ. ಔಷಧಿ ವಿಷಯದಲ್ಲಿ ನನ್ನ ಮಾತು ಕೇಳಬೇಡಿ. ಡಬ್ಬಿ, ಚೀಟಿ, ಗಡಿಯಾರದ ವಿಷಯದಲ್ಲಿ ಕೇಳಬಹುದು.

ನನಗೀಗ 49. ಮುಟ್ಟು ನಿಂತಿದ್ದು 44ಕ್ಕೇ. ಆಗ ಒಳಗೊಳಗೇ ಖುಷಿಯಾಗಿತ್ತು, ತಿಂಗಳ ಕಾಟ ತಪ್ಪಿತಲ್ಲ ಅಂತ. 45ಕ್ಕಿಂತ ಮೊದಲು ನಿಂತರೆ ಮೂಳೆಗಳ ಕಡೆ ಒಂದು ಕಣ್ಣಿಡಬೇಕು ಅನ್ನೋದು ಗೊತ್ತೇ ಇರಲಿಲ್ಲ. ಈಸ್ಟ್ರೋಜನ್ ಹಾರ್ಮೋನ್ ಇರುವವರೆಗೆ ಮೂಳೆ ಕರಗಿಸುವ ಕೋಶಗಳಿಗೆ ಕಡಿವಾಣ ಇರುತ್ತದಂತೆ. ಅದು ಕಮ್ಮಿಯಾದ ಮೊದಲ ಕೆಲವು ವರ್ಷ ಅವುಗಳಿಗೆ ಹೇಳೋರು ಕೇಳೋರು ಇಲ್ಲ. ಇದೆಲ್ಲ ತಲೆಗೆ ಹೋಗಿದ್ದು ಅಮ್ಮ ಬಚ್ಚಲಲ್ಲಿ ಜಾರಿ ಸೊಂಟದ ಹತ್ತಿರ ತೊಡೆಮೂಳೆ ಮುರಿದುಕೊಂಡ ಮೇಲೆ. ಆಪರೇಷನ್ ಆಗಿ ಅಮ್ಮ ವಾರ್ಡಿಗೆ ಬಂದ ದಿನ ಅಲ್ಲಿನ ಡಾಕ್ಟರ್ ನನ್ನ ವಯಸ್ಸು ಕೇಳಿದರು, ಮುಟ್ಟಿನ ವಿಷಯ ಕೇಳಿದರು, ಆಮೇಲೆ "ನೀವೂ ಒಂದ್ಸಲ ಮೂಳೆ ನೋಡಿಸಿಕೊಂಡುಬಿಡಿ" ಅಂದರು. ಅಮ್ಮನನ್ನು ನೋಡಿಕೊಳ್ಳುವ ಗಲಾಟೆಯಲ್ಲಿ ಅದನ್ನೂ ಮೂರು ತಿಂಗಳು ಮುಂದೂಡಿದೆ.

ಮೊದಲು ಆಗಿದ್ದು ಡೆಕ್ಸಾ ಸ್ಕ್ಯಾನ್, ಮೂಳೆ ಎಷ್ಟು ದಟ್ಟವಾಗಿದೆ ಅಂತ ಎಕ್ಸ್‌ರೇಯಲ್ಲಿ ಅಳೆಯುವುದು. ಅದರಲ್ಲಿ ಹೇಳುವಂಥದ್ದು ಏನೂ ಇಲ್ಲ. ಮೇಜಿನ ಮೇಲೆ ಮಲಗಿದೆ, ಮೇಲೆ ಒಂದು ತೋಳು ಹರಿದಾಡಿತು, ಹತ್ತು ಹದಿನೈದು ನಿಮಿಷ, ಎದ್ದು ಬಂದೆ. ಟಿ ಸ್ಕೋರ್, ಅಂದರೆ ಆರೋಗ್ಯವಾಗಿರುವ ಹರೆಯದವರ ಮೂಳೆಗೆ ಹೋಲಿಸಿ ಕೊಡುವ ಅಂಕಿ, ಬೆನ್ನುಮೂಳೆಯಲ್ಲಿ -2.6, ತೊಡೆಮೂಳೆಯ ಕತ್ತಿನಲ್ಲಿ -2.1. ವಿಶ್ವ ಆರೋಗ್ಯ ಸಂಸ್ಥೆ 1994ರಲ್ಲಿ ಹಾಕಿಕೊಟ್ಟ ಗೆರೆಯ ಪ್ರಕಾರ -1ರವರೆಗೆ ತೊಂದರೆಯಿಲ್ಲ, -1ಕ್ಕೂ -2.5ಕ್ಕೂ ನಡುವೆ ಇದ್ದರೆ ಮೂಳೆ ತೆಳುವಾಗಿದೆ, -2.5 ಮತ್ತು ಅದಕ್ಕಿಂತ ಕೆಳಗೆ ಇಳಿದರೆ ಆಸ್ಟಿಯೋಪೊರೋಸಿಸ್, ಅಂದರೆ ಮೂಳೆ ಸವೆತ. ಒಂದೇ ಮೈಯಲ್ಲಿ ಬೆನ್ನು ಗೆರೆ ದಾಟಿತ್ತು, ತೊಡೆ ಇನ್ನೂ ದಾಟಿರಲಿಲ್ಲ.

ಆ ರಿಪೋರ್ಟ್ ಹಿಡಿದು ಹಾರ್ಮೋನ್ ಡಾಕ್ಟರ ಹತ್ತಿರ ಹೋದೆ. ಅವರು ನೋಡಿ, ಚಿಕಿತ್ಸೆ ಬೇಕಾಗುತ್ತದೆ, ಅದಕ್ಕೆ ಮೊದಲು ಯೂರಿನ್ ಎನ್‌ಟಿಎಕ್ಸ್ ಅಂತ ಒಂದು ಪರೀಕ್ಷೆ ಮಾಡಿಸಿ ಅಂದರು. ಮೂಳೆಗೂ ಮೂತ್ರಕ್ಕೂ ಎತ್ತಣಿಂದೆತ್ತ ಸಂಬಂಧ? ಕೇಳಿಯೇ ಬಿಟ್ಟೆ. ಅವರು ಬೇಸರ ಮಾಡಿಕೊಳ್ಳದೆ ಹೇಳಿದ್ದು ಈಗಲೂ ನೆನಪಿದೆ. "ಮನೆ ಗೋಡೆ ಒಡೀತಾ ಇದ್ದಾರೆ ಅಂದ್ಕೊಳ್ಳಿ. ಗೋಡೆ ಇನ್ನೂ ಎಷ್ಟು ಉಳಿದಿದೆ ಅಂತ ಸ್ಕ್ಯಾನ್ ಹೇಳುತ್ತೆ. ಎಷ್ಟು ಜೋರಾಗಿ ಒಡೀತಾ ಇದ್ದಾರೆ ಅಂತ ಗೊತ್ತಾಗಬೇಕಾದ್ರೆ ಬೀದಿಗೆ ಬಂದು ಬೀಳೋ ಇಟ್ಟಿಗೆ ಚೂರು ನೋಡಬೇಕು. ಈ ಪರೀಕ್ಷೆ ನೋಡೋದು ಆ ಚೂರನ್ನ."

ಚೂರು ಅಂದರೆ ಕೊಲಾಜನ್ ಚೂರು. ಮೂಳೆ ಅಂದ ತಕ್ಷಣ ನಮಗೆ ಕ್ಯಾಲ್ಸಿಯಂ ನೆನಪಾಗುತ್ತದೆ, ಆದರೆ ಕ್ಯಾಲ್ಸಿಯಂ ಕೂರುವುದು ಒಂದು ಪ್ರೋಟೀನಿನ ಹೆಣಿಗೆಯ ಮೇಲೆ. ಆ ಹೆಣಿಗೆಯ ಸುಮಾರು ನೂರಕ್ಕೆ 90 ಭಾಗ ಒಂದನೇ ಬಗೆಯ ಕೊಲಾಜನ್. ಹಳೇ ಮೂಳೆ ಕರಗಿಸುವ ಕೋಶಗಳು ಈ ಹೆಣಿಗೆಯನ್ನೂ ಕತ್ತರಿಸುತ್ತವೆ. ಎಳೆಗಳನ್ನು ಒಂದಕ್ಕೊಂದು ಬಿಗಿದಿದ್ದ ಗಂಟಿನ ತುಂಡುಗಳು ರಕ್ತಕ್ಕೆ ಸೇರಿ, ಕಿಡ್ನಿಯಲ್ಲಿ ಸೋಸಿ, ಮೂತ್ರದಲ್ಲಿ ಹೊರಗೆ ಬರುತ್ತವೆ. ಎಳೆಯ ಒಂದು ತುದಿಯ ತುಂಡು ಎನ್‌ಟಿಎಕ್ಸ್, ಇನ್ನೊಂದು ತುದಿಯದು ಸಿಟಿಎಕ್ಸ್. ಬಿಗಿದ ಗಂಟನ್ನೇ ಅಳೆದರೆ ಡಿಪಿಡಿ. ಮೂರನ್ನೂ ಮೂತ್ರದಲ್ಲಿ ಅಳೆಯಬಹುದು. ನಿಮ್ಮ ಚೀಟಿಯಲ್ಲಿ ಯಾವುದು ಬರೆದಿದ್ದಾರೆ ಅಂತ ಡಾಕ್ಟರ ಎದುರಿಗೇ ಓದಿಸಿಕೊಂಡು ಬನ್ನಿ. ನಾನು ಓದಿಸಿಕೊಳ್ಳಲಿಲ್ಲ, ಮುಂದಿನ ಫಜೀತಿ ಶುರುವಾಗಿದ್ದೇ ಅಲ್ಲಿಂದ.

ಡಾಕ್ಟರ ಕೋಣೆಯಿಂದ ಹೊರಗೆ ಬಂದು ಸೀದಾ ಕೆಳಗಿನ ಸ್ಯಾಂಪಲ್ ಕೌಂಟರಿಗೆ ಹೋದೆ. ಅಲ್ಲಿದ್ದ ಹುಡುಗಿ ಚೀಟಿ ನೋಡಿದಳು, "ಯೂರಿನ್ ಅಲ್ವಾ ಮೇಡಂ" ಅಂದಳು, ಒಂದು ಪ್ಲಾಸ್ಟಿಕ್ ಡಬ್ಬಿ ಕೊಟ್ಟಳು. ಆಗ ಬೆಳಗ್ಗೆ ಹನ್ನೊಂದೂವರೆ. ಹೋಗಿ ತುಂಬಿಸಿ ಕೊಟ್ಟು ಬಂದೆ. ಎಷ್ಟು ಸಲೀಸು ಅನಿಸಿತು. ಬಿಲ್ ಕೂಡ ತೀರಾ ಕಮ್ಮಿ ಇತ್ತು, ಆಗಲಾದರೂ ಅನುಮಾನ ಬರಬೇಕಿತ್ತು. ಮರುದಿನ ರಿಪೋರ್ಟ್ ಬಂತು: ಸಕ್ಕರೆ ಇಲ್ಲ, ಕೀವಿನ ಕೋಶ ಎರಡು ಮೂರು, ಬಣ್ಣ ತಿಳಿ ಹಳದಿ. ಅವರು ಮಾಡಿದ್ದು ಎಲ್ಲರಿಗೂ ಮಾಡುವ ಮಾಮೂಲಿ ಮೂತ್ರ ಪರೀಕ್ಷೆ. ಕಂಪ್ಯೂಟರಿನಲ್ಲಿ 'ಯೂರಿನ್' ಅಂತ ಹೊಡೆದಾಗ ಮೊದಲು ಬಂದ ಸಾಲನ್ನೇ ಒತ್ತಿದ್ದರು.

ಹಣ ವಾಪಸ್ ಕೇಳಿದೆ. ಕೊಡಲಿಲ್ಲ, ಮುಂದಿನ ಬಿಲ್ಲಿಗೆ ಹೊಂದಿಸುತ್ತೇವೆ ಅಂದರು. ಮುಂದಿನ ಬಿಲ್ ನೋಡಿದಾಗ ಆ ಹೊಂದಿಸಿದ ಮೊತ್ತ ಸಮುದ್ರಕ್ಕೆ ಒಂದು ಚಮಚ ನೀರು ಸುರಿದ ಹಾಗಿತ್ತು. ಈ ಪರೀಕ್ಷೆ ದುಬಾರಿ. ಮಾಮೂಲಿ ಮೂತ್ರ ಪರೀಕ್ಷೆಯ ಹಲವು ಪಟ್ಟು. ಎಲ್ಲಾ ಲ್ಯಾಬಿನಲ್ಲೂ ಮಾಡುವುದಿಲ್ಲ, ತುಂಬಾ ಕಡೆ ಸ್ಯಾಂಪಲ್ ತೆಗೆದುಕೊಂಡು ದೊಡ್ಡ ಲ್ಯಾಬಿಗೆ ಕಳಿಸುತ್ತಾರೆ. ಒಂದೇ ಸಲಕ್ಕೆ ಮುಗಿಯುವುದೂ ಇಲ್ಲ, ಚಿಕಿತ್ಸೆಗೆ ಮೊದಲು ಒಂದು, ಆಮೇಲೆ ಕೊನೇಪಕ್ಷ ಇನ್ನೊಂದು. ಎರಡರ ಖರ್ಚನ್ನೂ ಮೊದಲೇ ಲೆಕ್ಕಕ್ಕೆ ಹಿಡಿದುಕೊಳ್ಳಿ. ವಿಮೆಯವರು ನನ್ನ ಅರ್ಜಿಯನ್ನು ಮೊದಲು ಹಾಗೇ ತಿರುಗಿಸಿದರು. ಸ್ಕ್ಯಾನ್ ಆಗಿದೆಯಲ್ಲ, ಮತ್ತೆ ಇದೇಕೆ ಅಂತ. ಡಾಕ್ಟರ ಹತ್ತಿರ ಎರಡು ಸಾಲಿನ ಪತ್ರ ಬರೆಸಿದೆ. ಈ ಪರೀಕ್ಷೆ ರೋಗ ಪತ್ತೆಗಲ್ಲ, ಔಷಧಿ ಕೆಲಸ ಮಾಡುತ್ತಿದೆಯೇ ಅಂತ ನೋಡಲು ಬೇಕು ಅಂತ. ಅದರ ಜೊತೆ ಸ್ಕ್ಯಾನ್ ರಿಪೋರ್ಟಿನ ನಕಲು ಇಟ್ಟು ಕಳಿಸಿದ ಮೇಲೆ ಒಂದಿಷ್ಟು ಕೊಟ್ಟರು, ಪೂರ್ತಿ ಅಲ್ಲ. ಆ ಪತ್ರವನ್ನು ಮೊದಲ ಭೇಟಿಯಲ್ಲೇ ಬರೆಸಿಕೊಳ್ಳಿ. ಆಮೇಲೆ ಅದಕ್ಕೇ ಇನ್ನೊಂದು ದಿನ ರಜ ಹಾಕಬೇಕಾಗುತ್ತದೆ.

ಎರಡನೇ ಸಲ ಹುಷಾರಾಗಿ ಹೋದೆ. ಚೀಟಿ ತೋರಿಸಿ ಎನ್‌ಟಿಎಕ್ಸ್, ಎನ್‌ಟಿಎಕ್ಸ್ ಅಂತ ಎರಡು ಸಲ ಹೇಳಿದೆ. ಈ ಸಲ ಕೂತಿದ್ದ ಹಿರಿಯರು ಒಂದು ದಪ್ಪ ಪುಸ್ತಕ ತಿರುವಿ ಹಾಕಿ, "ಇದು 24 ಗಂಟೆಯದ್ದು ಅಮ್ಮ" ಅಂದು ನನ್ನ ಮೊಣಕಾಲೆತ್ತರದ ಒಂದು ಕ್ಯಾನ್ ಕೊಟ್ಟರು. ಅದನ್ನು ಹಿಡಿದು ಬಸ್ಸಿನಲ್ಲಿ ಬಂದೆ. ಖಾಲಿ ಕ್ಯಾನೇ, ಆದರೂ ಎಲ್ಲರೂ ನನ್ನನ್ನೇ ನೋಡುತ್ತಿದ್ದಾರೆ ಅನಿಸುತ್ತಿತ್ತು.

24 ಗಂಟೆಯ ಮೂತ್ರ ಹಿಡಿಯುವುದು ಕೇಳಲು ಸುಲಭ. ಬೆಳಗ್ಗೆ ಎದ್ದು ಮೊದಲ ಸಲ ಒಂದಕ್ಕೆ ಹೋಗಿದ್ದನ್ನು ಬಿಟ್ಟುಬಿಡಬೇಕು, ಆ ಹೊತ್ತು ಬರೆದಿಟ್ಟುಕೊಳ್ಳಬೇಕು. ಅಲ್ಲಿಂದ ಮರುದಿನ ಅದೇ ಹೊತ್ತಿನವರೆಗೆ ಒಂದು ಹನಿಯೂ ಬಿಡದೆ ಹಿಡಿಯಬೇಕು, ಮರುದಿನ ಎದ್ದ ಕೂಡಲೇ ಹೋಗುವುದೂ ಸೇರಿ. ಕ್ಯಾನು ತಂಪಿನಲ್ಲಿರಬೇಕು. ಫ್ರಿಜ್ಜಿನ ಕೆಳಗಿನ ತಟ್ಟೆ ಖಾಲಿ ಮಾಡಿ, ಕ್ಯಾನನ್ನು ಕಪ್ಪು ಚೀಲದಲ್ಲಿ ಸುತ್ತಿಟ್ಟೆ. ಮಗಳು ಆ ದಿನ ಫ್ರಿಜ್ ಬಾಗಿಲು ತೆಗೆಯಲೇ ಇಲ್ಲ. ಎಲ್ಲ ಸರಿಯಾಗಿ ನಡೆದು ರಾತ್ರಿ ಒಂಬತ್ತಾಗಿತ್ತು. ಫೋನಿನಲ್ಲಿ ಅಕ್ಕನ ಜೊತೆ ಮಾತಾಡುತ್ತಾ ಮಾತಾಡುತ್ತಾ ಬಚ್ಚಲಿಗೆ ಹೋದೆ, ಮಾತು ಮುಗಿಸಿಕೊಂಡು ಬಂದೆ, ಆಮೇಲೆ ಕೈಯಲ್ಲಿ ಡಬ್ಬಿಯೇ ಇರಲಿಲ್ಲ ಅನ್ನೋದು ಹೊಳೆಯಿತು. ಒಂದು ಸಲ ತಪ್ಪಿದರೂ ಇಡೀ ದಿನದ್ದು ದಂಡ. ಅತ್ತುಬಿಡುವ ಹಾಗಾಯಿತು, ಸುಳ್ಳು ಹೇಳಿ ಕೊಟ್ಟುಬಿಡೋಣ ಅಂತಲೂ ಒಂದು ಕ್ಷಣ ಅನಿಸಿತು. ಕೊಟ್ಟಿದ್ದರೂ ಸಿಕ್ಕಿಬೀಳುವ ಸಾಧ್ಯತೆ ಇತ್ತಂತೆ. ನಮ್ಮ ಮೈತೂಕಕ್ಕೆ ದಿನಕ್ಕೆ ಇಷ್ಟು ಕ್ರಿಯಾಟಿನಿನ್ (ಸ್ನಾಯುಗಳಿಂದ ಬಂದು ಮೂತ್ರದಲ್ಲಿ ಹೋಗುವ ಕಸ) ಬರಬೇಕು ಅಂತ ಒಂದು ಅಂದಾಜು ಇರುತ್ತದೆ, ಅದಕ್ಕಿಂತ ತೀರಾ ಕಮ್ಮಿ ಬಂದರೆ ಪೂರ್ತಿ ಹಿಡಿದಿಲ್ಲ ಅಂತ ಅನುಮಾನ ಬರುತ್ತದೆ.

ಮರುದಿನ ಡಾಕ್ಟರ ಸಹಾಯಕಿಗೆ ಫೋನ್ ಮಾಡಿ ತಪ್ಪೊಪ್ಪಿಕೊಂಡೆ. ಅವರು ಒಂದು ನಿಮಿಷ ಸುಮ್ಮನಿದ್ದು, "24 ಗಂಟೆಯದ್ದು ಯಾರು ಹೇಳಿದ್ದು ನಿಮಗೆ?" ಅಂತ ಕೇಳಿದರು. ನಮ್ಮ ಡಾಕ್ಟರಿಗೆ ಬೇಕಾಗಿದ್ದು ಬೆಳಗಿನ ಒಂದೇ ಒಂದು ಸ್ಯಾಂಪಲ್ ಅಂತೆ! ಎರಡು ರೀತಿಯಲ್ಲೂ ಈ ಪರೀಕ್ಷೆ ಮಾಡಬಹುದು. ಲ್ಯಾಬಿನ ಹಿರಿಯರು ಹೇಳಿದ್ದು ತಪ್ಪೇನಲ್ಲ, ಆದರೆ ನನ್ನ ಚೀಟಿಯಲ್ಲಿ ಯಾವುದು ಅಂತ ಬರೆದಿರಲಿಲ್ಲ, ಅವರು ಕೇಳಲಿಲ್ಲ, ನಾನೂ ಕೇಳಲಿಲ್ಲ. ಹಾಗಾಗಿ ನಿಮ್ಮ ಚೀಟಿಯಲ್ಲಿ ಪರೀಕ್ಷೆಯ ಪೂರ್ತಿ ಹೆಸರು, ಒಂದು ಸಲದ್ದೋ ಇಡೀ ದಿನದ್ದೋ, ಯಾವ ಹೊತ್ತಿನದು, ಇಷ್ಟೂ ಇರಲಿ. ಡಾಕ್ಟರ್ ಅವಸರದಲ್ಲಿದ್ದರೆ ನೀವೇ ಅವರೆದುರು ಬರೆದು ಸಹಿ ಹಾಕಿಸಿಕೊಳ್ಳಿ. ನಾಚಿಕೆ ಏನಿಲ್ಲ.

ಹೊತ್ತು ಯಾಕೆ ಇಷ್ಟು ಮುಖ್ಯ ಅಂದರೆ, ಮೂಳೆ ಕರಗುವುದಕ್ಕೂ ಹಗಲು ರಾತ್ರಿ ಇದೆ. ರಾತ್ರಿ ಮತ್ತು ಬೆಳಗಿನ ಜಾವ ಜಾಸ್ತಿ, ಮಧ್ಯಾಹ್ನದ ಮೇಲೆ ಕಮ್ಮಿ. ನಾನು ಮೊದಲ ದಿನ ಹನ್ನೊಂದೂವರೆಗೆ ಕೊಟ್ಟ ಡಬ್ಬಿಯಲ್ಲಿ ಸರಿಯಾದ ಪರೀಕ್ಷೆಯನ್ನೇ ಮಾಡಿದ್ದರೂ ಬರುವ ಅಂಕಿ ಬೆಳಗ್ಗೆ ಏಳರ ಅಂಕಿ ಆಗಿರುತ್ತಿರಲಿಲ್ಲ. ಅಕಸ್ಮಾತ್ ಮೊದಲ ಸಲ ಬೆಳಗ್ಗೆ ಕೊಟ್ಟು, ಔಷಧಿ ತೆಗೆದುಕೊಂಡ ಮೇಲೆ ಮಧ್ಯಾಹ್ನ ಕೊಟ್ಟೆ ಅಂದುಕೊಳ್ಳಿ. ಔಷಧಿ ಏನೂ ಮಾಡದಿದ್ದರೂ ಅಂಕಿ ಇಳಿದಿರುತ್ತದೆ, ನಾವು ಖುಷಿಪಡುತ್ತಾ ಕೂತಿರುತ್ತೇವೆ.

ಸರಿ, ಮೂರನೇ ಸಲ. ಈ ಸಲದ್ದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಹೆಚ್ಚಿನವರಿಗೆ ಮಾಡಬೇಕಾಗಿ ಬರುವುದು ಇದೇ. ಹಿಂದಿನ ದಿನವೇ ಲ್ಯಾಬಿನಿಂದ ಮುಚ್ಚಳ ಬಿಗಿಯಾಗಿರುವ ಡಬ್ಬಿ ತಂದಿದ್ದೆ. ಮನೆಯ ಹಳೇ ಬಾಟಲಿ ನಡೆಯುವುದಿಲ್ಲ. ರಾತ್ರಿಯೇ ಡಬ್ಬಿಯ ಪಕ್ಕೆಗೆ ಹೆಸರು, ವಯಸ್ಸು, ತಾರೀಖು ಬರೆದ ಚೀಟಿ ಅಂಟಿಸಿದೆ. ಮುಚ್ಚಳಕ್ಕೆ ಅಂಟಿಸಬೇಡಿ, ಮುಚ್ಚಳ ತೆಗೆದರೆ ಅದು ಯಾರದ್ದೋ ಡಬ್ಬಿ. ಹೊತ್ತಿನ ಜಾಗ ಖಾಲಿ ಬಿಟ್ಟೆ. ಬೆಳಗ್ಗೆ ಆರಕ್ಕೆ ಎದ್ದೆ, ಮೊದಲ ಸಲದ್ದು ಬಿಟ್ಟೆ. ಅದು ರಾತ್ರಿಯಿಡೀ ಮೂತ್ರಚೀಲದಲ್ಲಿ ನಿಂತಿದ್ದು, ಅದರಲ್ಲಿ ಎಷ್ಟೋ ಗಂಟೆಯ ಲೆಕ್ಕ ಸೇರಿಕೊಂಡಿರುತ್ತದೆ. ಒಂದು ಲೋಟ ನೀರು ಕುಡಿದೆ, ಬೇರೇನೂ ಬಾಯಿಗೆ ಹಾಕಲಿಲ್ಲ. ಇನ್ನು ಎರಡು ಗಂಟೆಯೊಳಗೆ ಎರಡನೇ ಸಲ ಬರಬೇಕು. ಬರುವುದೇ ಇಲ್ಲ! ಬೇರೆ ದಿನ ಗಂಟೆಗೊಮ್ಮೆ ಓಡುವವಳು ಅವತ್ತು ಏಳೂವರೆ ಆದರೂ ಸುಮ್ಮನೆ ಕುರ್ಚಿಯಲ್ಲಿ ಕೂತು ಗಡಿಯಾರ ನೋಡುತ್ತಿದ್ದೆ. ಇನ್ನೊಂದು ಲೋಟ ಕುಡಿಯಲೇ ಅಂದುಕೊಂಡೆ, ಮೂತ್ರ ನೀರಾಗಿಬಿಟ್ಟರೆ ಅಂತ ಭಯ. ಅಷ್ಟು ಹೆದರಬೇಕಿರಲಿಲ್ಲ ಅಂತ ಆಮೇಲೆ ಗೊತ್ತಾಯಿತು. ಎನ್‌ಟಿಎಕ್ಸನ್ನು ಅದೇ ಮೂತ್ರದ ಕ್ರಿಯಾಟಿನಿನ್‌ನಿಂದ ಭಾಗಿಸಿ ಅಂಕಿ ಕೊಡುವುದೇ ಅದಕ್ಕೆ. ತೆಳುವಾದರೆ ಎರಡೂ ತೆಳುವಾಗುತ್ತವೆ, ಲೆಕ್ಕ ಅಷ್ಟೇ ಇರುತ್ತದೆ. ಹಾಗಂತ ಕೊಡಗಟ್ಟಲೆ ಕುಡಿಯಬೇಡಿ.

ಏಳು ಐವತ್ತಕ್ಕೆ ಆಯಿತು. ಮೊದಲ ಹನಿಗಳನ್ನು ಬಿಟ್ಟು ನಡುವಿನದು ಹಿಡಿದು, ಮುಚ್ಚಳ ಬಿಗಿದು, ಒರೆಸಿ, 7.50 ಅಂತ ಬರೆದೆ. ಎಂಟೂವರೆಗೆ ಲ್ಯಾಬಿನಲ್ಲಿದ್ದೆ. ಮುಟ್ಟು ಇನ್ನೂ ಇರುವವರು ಆ ದಿನಗಳಲ್ಲಿ ಕೊಡಬೇಡಿ, ಮೂತ್ರದಲ್ಲಿ ರಕ್ತ ಬೆರೆತರೆ ಸ್ಯಾಂಪಲ್ ಕೆಡುತ್ತದೆ. ಲ್ಯಾಬಿಗೆ ಹೋಗುವುದು ತಡವಾದರೆ ಫ್ರಿಜ್ಜಿನಲ್ಲಿಡಿ, ಕಾರಿನ ಸೀಟಿನ ಮೇಲಲ್ಲ. ನನ್ನ ಪಕ್ಕದಲ್ಲಿ ನಿಂತಿದ್ದವರ ಡಬ್ಬಿಗೆ ಅಲ್ಲಿನ ಹುಡುಗ ಅಲ್ಯೂಮಿನಿಯಂ ಹಾಳೆ ಸುತ್ತುತ್ತಿದ್ದ. ನನ್ನದಕ್ಕೂ ಸುತ್ತಪ್ಪಾ ಅಂದೆ. "ಅವರದ್ದು ಡಿಪಿಡಿ ಮೇಡಂ, ಬೆಳಕು ಬಿದ್ರೆ ಹಾಳಾಗುತ್ತೆ. ನಿಮ್ಮದಕ್ಕೆ ಬೇಡ" ಅಂದ. ಇಡೀ ಪ್ರಯಾಣದಲ್ಲಿ ತನ್ನ ಕೆಲಸ ಪೂರ್ತಿ ಗೊತ್ತಿದ್ದ ಲ್ಯಾಬಿನವನು ಅಂತ ನನಗೆ ಸಿಕ್ಕಿದ್ದು ಅವನೊಬ್ಬನೇ.

ಆಮೇಲೆ ಒಂಬತ್ತು ದಿನ ಕಾದೆ. ಮೂರು ದಿನ ಅಂದಿದ್ದರು. ಇಂಥ ಸ್ಯಾಂಪಲ್‌ಗಳನ್ನು ಒಂದೊಂದಾಗಿ ಮಾಡುವುದಿಲ್ಲವಂತೆ, ಒಂದಷ್ಟು ಸೇರಿದ ಮೇಲೆ ಒಟ್ಟಿಗೆ ಮಾಡುತ್ತಾರೆ. ಹತ್ತನೇ ದಿನ ಫೋನಿಗೆ ಬಂತು: 74. ಪಕ್ಕದಲ್ಲಿ ಅಳತೆ, ಒಂದು ಮಿಲಿಮೋಲ್ ಕ್ರಿಯಾಟಿನಿನ್‌ಗೆ ಇಷ್ಟು ನ್ಯಾನೋಮೋಲ್ ಬಿಸಿಇ (ಮೂಳೆಯ ಕೊಲಾಜನ್ನಿಗೆ ಸಮನಾದ ಪ್ರಮಾಣ) ಅಂತ. ಅದರ ಪಕ್ಕ, ಮುಟ್ಟು ನಿಲ್ಲದ ಹೆಂಗಸರಿಗೆ 5ರಿಂದ 65. ನನ್ನ ಅಂಕಿ ದಪ್ಪ ಅಕ್ಷರದಲ್ಲಿತ್ತು, ಪಕ್ಕದಲ್ಲಿ ಮೇಲ್ಮುಖ ಬಾಣ.

ನಾನು ಮಾಡಬಾರದ ಕೆಲಸ ಮಾಡಿದೆ. ರಾತ್ರಿ ಹನ್ನೊಂದಕ್ಕೆ ಫೋನಿನಲ್ಲಿ ಹುಡುಕಲು ಕೂತೆ. ಎನ್‌ಟಿಎಕ್ಸ್ ಜಾಸ್ತಿಯಾಗುವ ಕಾರಣಗಳಲ್ಲಿ ಥೈರಾಯ್ಡ್, ಪ್ಯಾರಾಥೈರಾಯ್ಡ್, ಪ್ಯಾಜೆಟ್ಸ್ ಕಾಯಿಲೆ, ಕೊನೆಗೆ ಮೂಳೆಗೆ ಹರಡಿದ ಕ್ಯಾನ್ಸರ್ ಕೂಡ ಇತ್ತು. ಆ ಒಂದು ಪದದ ಮೇಲೆ ಕಣ್ಣು ಬಿದ್ದ ಮೇಲೆ ಉಳಿದದ್ದು ಯಾವುದೂ ಕಾಣಲಿಲ್ಲ. ಯಾರನ್ನೂ ಎಬ್ಬಿಸಲಿಲ್ಲ. ಬೆಳಗಿನ ಜಾವ ನಾಲ್ಕರ ಹೊತ್ತಿಗೆ ಬೆನ್ನು ನಿಜವಾಗಿಯೂ ನೋಯುತ್ತಿದೆ ಅನಿಸತೊಡಗಿತ್ತು. ಡಾಕ್ಟರ ಭೇಟಿ ಇನ್ನೂ ಐದು ದಿನ ಇತ್ತು, ಆ ಐದು ದಿನ ಒಂಬತ್ತು ದಿನಕ್ಕಿಂತ ಉದ್ದ ಇತ್ತು.

ಡಾಕ್ಟರ್ ರಿಪೋರ್ಟ್ ನೋಡಿ ಗಾಬರಿಯೇನೂ ಆಗಲಿಲ್ಲ. ಮುಟ್ಟು ನಿಂತ ಮೇಲೆ ಈ ಅಂಕಿ ಏರುವುದು ಸಹಜ, ನಿಮ್ಮನ್ನು ಮುಟ್ಟು ಇರುವವರ ಸಾಲಿನಲ್ಲಿಟ್ಟು ನೋಡಿದರೆ ಬಾಣ ಬರದೆ ಇನ್ನೇನು ಅಂದರು. ಬರೀ ಈ ಅಂಕಿಯಿಂದ ಯಾವ ಕಾಯಿಲೆಯೂ ಪಕ್ಕಾ ಆಗುವುದಿಲ್ಲ. ಮೂಳೆ ಜಾಸ್ತಿ ಕರಗುತ್ತಿದೆ ಅಂತ ಹೇಳುತ್ತದೆ, ಯಾಕೆ ಅಂತ ಹೇಳುವುದಿಲ್ಲ. ಯಾಕೆ ಅಂತ ನೋಡಲು ರಕ್ತ ಪರೀಕ್ಷೆ ಬರೆದರು: ಕ್ಯಾಲ್ಸಿಯಂ, ಥೈರಾಯ್ಡ್, ಪ್ಯಾರಾಥೈರಾಯ್ಡ್ ಹಾರ್ಮೋನ್, ಕಿಡ್ನಿ, ಡಿ ವಿಟಮಿನ್. ಆಮೇಲೆ "ಹಿಂದಿನ ಒಂದು ವರ್ಷದಲ್ಲಿ ಎಲ್ಲಾದ್ರೂ ಮೂಳೆ ಮುರಿದಿತ್ತಾ?" ಅಂತ ಕೇಳಿದರು. ಇಲ್ಲ ಅಂದೆ. ಎದ್ದು ಬಾಗಿಲ ಹತ್ತಿರ ಹೋದವಳಿಗೆ ನೆನಪಾಯಿತು. ನಾಲ್ಕು ತಿಂಗಳ ಹಿಂದೆ ಕತ್ತಲಲ್ಲಿ ಮಂಚದ ಕಾಲಿಗೆ ಬಡಿದು ಎಡಗಾಲಿನ ಕಿರುಬೆರಳು ಬಿರುಕು ಬಿಟ್ಟಿತ್ತು, ಪಕ್ಕದ ಬೆರಳಿಗೆ ಸೇರಿಸಿ ಪಟ್ಟಿ ಸುತ್ತಿಕೊಂಡು ಮೂರು ವಾರ ಓಡಾಡಿದ್ದೆ. ಬೆರಳಿನದ್ದನ್ನೆಲ್ಲ ಯಾರು ಲೆಕ್ಕಕ್ಕಿಡುತ್ತಾರೆ? ಡಾಕ್ಟರ್ ನಕ್ಕರು, ಆದರೆ ಬರೆದುಕೊಂಡರು. ಮೂಳೆ ಮುರಿದಾಗ ಆ ಜಾಗವನ್ನು ಕೆಡವಿ ಕಟ್ಟುವ ಕೆಲಸ ತಿಂಗಳುಗಟ್ಟಲೆ ನಡೆಯುತ್ತದೆ, ದೊಡ್ಡ ಮೂಳೆಯಾದರೆ ಒಂದು ವರ್ಷದವರೆಗೂ ಈ ಅಂಕಿ ಮೇಲೇ ಇರಬಹುದಂತೆ. ಕಿರುಬೆರಳಿನ ಪಾಲು ಜಾಸ್ತಿ ಇರಲಿಕ್ಕಿಲ್ಲ, ಆದರೂ ಹೇಳಬೇಕಿತ್ತು. ಸ್ಟೀರಾಯ್ಡ್ ಮಾತ್ರೆ ತೆಗೆದುಕೊಂಡಿದ್ದರೆ, ತುಂಬಾ ದಿನ ಹಾಸಿಗೆ ಹಿಡಿದಿದ್ದರೆ ಅದನ್ನೂ ಹೇಳಬೇಕು.

ರಕ್ತದಲ್ಲಿ ಸಿಕ್ಕಿದ್ದು ಒಂದೇ: ಡಿ ವಿಟಮಿನ್ 14. ತುಂಬಾ ಕಡೆ 20ಕ್ಕಿಂತ ಕೆಳಗೆ ಇದ್ದರೆ ಕೊರತೆ ಅಂತಾರೆ. ಅದನ್ನು ಮೊದಲು ಸರಿಮಾಡಲು ಎರಡು ತಿಂಗಳು ಹೋಯಿತು. ಮಧ್ಯೆ ಹಲ್ಲಿನ ಡಾಕ್ಟರ ಹತ್ತಿರ ಕಳಿಸಿದರು. ಇದೇನಪ್ಪಾ ಮೂಳೆ, ಮೂತ್ರ ಆಯಿತು, ಈಗ ಹಲ್ಲು ಅಂದುಕೊಂಡೆ. ನಾನು ಶುರುಮಾಡಬೇಕಿದ್ದ ಔಷಧಿಯಿಂದ ಅಪರೂಪಕ್ಕೆ ದವಡೆ ಮೂಳೆಗೆ ತೊಂದರೆ ಆಗುತ್ತದೆ, ಹಲ್ಲು ಕೀಳಿಸುವುದಿದ್ದರೆ ಮೊದಲೇ ಮುಗಿಸಿಕೊಳ್ಳಬೇಕು ಅಂತ. ಔಷಧಿ ಅಲೆಂಡ್ರೋನೇಟ್, 70 ಮಿಲಿಗ್ರಾಂ, ವಾರಕ್ಕೊಂದು. ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಒಂದು ಲೋಟ ಬರೀ ನೀರಿನ ಜೊತೆ ನುಂಗಬೇಕು, ಆಮೇಲೆ ಅರ್ಧ ಗಂಟೆ ಏನೂ ತಿನ್ನಬಾರದು, ಮಲಗಲೂ ಬಾರದು. ಮಲಗಿದರೆ ಮಾತ್ರೆ ಅನ್ನನಾಳವನ್ನು ಸುಡುತ್ತದೆ. ಮೊದಲ ವಾರ ಅರ್ಧ ಗಂಟೆ ಸೈನಿಕನ ಹಾಗೆ ನಿಂತೇ ಇದ್ದೆ. ಕೂರಬಹುದು, ಬೆನ್ನು ನೆಟ್ಟಗಿದ್ದರೆ ಸಾಕು.

ಎರಡನೇ ಪರೀಕ್ಷೆ ಔಷಧಿ ಶುರುವಾಗಿ ಆರು ತಿಂಗಳಿಗೆ. ಸ್ಕ್ಯಾನಿನಲ್ಲಿ ವ್ಯತ್ಯಾಸ ಕಾಣಬೇಕಾದರೆ ಒಂದೆರಡು ವರ್ಷ ಬೇಕು, ಮೂತ್ರದಲ್ಲಿ ಮೂರರಿಂದ ಆರು ತಿಂಗಳಿಗೇ ಕಾಣುತ್ತದೆ. ಇಷ್ಟು ದುಬಾರಿ ಪರೀಕ್ಷೆಗೆ ಇರುವ ಮುಖ್ಯ ಉಪಯೋಗ ನನ್ನ ಪ್ರಕಾರ ಇದೊಂದೇ. ಮಾತ್ರೆ ಮೈಗೆ ಹತ್ತುತ್ತಿದೆಯೋ ಇಲ್ಲವೋ ಅಂತ ತಿಳಿಯದೆ ಎರಡು ವರ್ಷ ನುಂಗುವುದು ತಪ್ಪುತ್ತದೆ.

ಈ ಸಲ ನಾನು ಸಿದ್ಧವಾಗಿದ್ದೆ, ತೊಡಕು ಬೇರೆ ಕಡೆಯಿಂದ ಬಂತು. ಕೌಂಟರಿನಲ್ಲಿ, "ಮೇಡಂ, ಈಗ ಬೇರೆ ಲ್ಯಾಬಿಗೆ ಕಳಿಸ್ತೀವಿ, ಬೇಗ ಬರುತ್ತೆ, ಕಮ್ಮಿನೂ ಆಗುತ್ತೆ" ಅಂದರು. ಇನ್ನೊಬ್ಬರು, "ಯೂರಿನ್ ಯಾಕೆ, ರಕ್ತದಲ್ಲೇ ಸಿಟಿಎಕ್ಸ್ ಮಾಡಿಸಿಬಿಡಿ" ಅಂದರು. ರಕ್ತದ ಪರೀಕ್ಷೆ ಕೆಟ್ಟದ್ದಲ್ಲ. ಅದು ಮೂತ್ರದಷ್ಟು ದಿನದಿಂದ ದಿನಕ್ಕೆ ಏರಿಳಿಯುವುದಿಲ್ಲ, ಈಗ ಎಷ್ಟೋ ಡಾಕ್ಟರುಗಳು ಅದನ್ನೇ ಬರೆಯುತ್ತಾರೆ. ಹೊಸದಾಗಿ ಶುರುಮಾಡುವವರು ಯಾವುದು ಅಂತ ಡಾಕ್ಟರನ್ನು ಕೇಳಿ. ಆದರೆ ನನ್ನ ಮೊದಲ ಅಂಕಿ ಮೂತ್ರದ್ದು, ಒಂದು ನಿರ್ದಿಷ್ಟ ಲ್ಯಾಬಿನದು. ಅದರ ಪಕ್ಕದಲ್ಲಿ ಬೇರೆ ಪರೀಕ್ಷೆಯ, ಬೇರೆ ಲ್ಯಾಬಿನ ಅಂಕಿ ಇಟ್ಟರೆ ಮೊಳದಲ್ಲಿ ಅಳೆದಿದ್ದನ್ನು ಗೇಣಿನಲ್ಲಿ ಅಳೆದ ಹಾಗೆ. ಹಠ ಹಿಡಿದೆ. ಸಾಲಿನಲ್ಲಿ ಹಿಂದೆ ನಿಂತಿದ್ದವರು ಗೊಣಗಿದರು. ಹಳೇ ರಿಪೋರ್ಟ್ ತೋರಿಸಿ ಅದೇ ಲ್ಯಾಬಿಗೇ ಕಳಿಸಬೇಕು ಅಂತ ರಸೀತಿಯ ಮೇಲೆ ಬರೆಸಿಕೊಂಡೆ.

ಇನ್ನೊಂದು ವಿಷಯ ಹೆಚ್ಚುಕಮ್ಮಿ ಮರೆತಿದ್ದೆ. ಕೂದಲಿಗೆ ಅಂತ ಮಗಳು ತಂದುಕೊಟ್ಟ ಬಯೋಟಿನ್ ಮಾತ್ರೆ ನುಂಗುತ್ತಿದ್ದೆ. ಕೆಲವು ಯಂತ್ರಗಳ ಪರೀಕ್ಷಾ ವಿಧಾನದಲ್ಲೇ ಬಯೋಟಿನ್ ಬಳಕೆ ಇರುತ್ತದೆ, ಮೈಯಲ್ಲಿ ಅದು ಜಾಸ್ತಿಯಿದ್ದರೆ ಅಂಕಿ ಅಡ್ಡಾದಿಡ್ಡಿ ಬರಬಹುದು. ಡಾಕ್ಟರ ಸಹಾಯಕಿಯನ್ನು ಕೇಳಿ ಪರೀಕ್ಷೆಗೆ ಕೆಲವು ದಿನ ಮೊದಲೇ ನಿಲ್ಲಿಸಿದೆ. ನಿಮ್ಮ ಎಲ್ಲಾ ಮಾತ್ರೆಗಳ ಪಟ್ಟಿ ಹೇಳಿ, ಅಂಗಡಿಯಲ್ಲಿ ಚೀಟಿ ಇಲ್ಲದೆ ತಂದಿದ್ದನ್ನೂ.

ಬೆಳಗ್ಗೆ ಆರಕ್ಕೆ ಎದ್ದೆ. ಒಂದು ಲೋಟ ನೀರು. ಈ ಸಲ ಏಳು ನಲವತ್ತು. ಹತ್ತು ನಿಮಿಷದ ವ್ಯತ್ಯಾಸಕ್ಕೆ ಏನೂ ಆಗುವುದಿಲ್ಲ ಅಂತ ಗೊತ್ತಿದ್ದರೂ ಇನ್ನೂ ಹತ್ತು ನಿಮಿಷ ತಡೆದುಕೊಳ್ಳಬೇಕಿತ್ತೇನೋ ಅನಿಸಿತು. ಎಂಟನೇ ದಿನ ರಿಪೋರ್ಟ್: 31. ಬಾಣ ಇಲ್ಲ.

ಡಾಕ್ಟರ್ ಕ್ಯಾಲ್ಕುಲೇಟರ್ ತೆಗೆದು ಲೆಕ್ಕ ಹಾಕಿ ತೋರಿಸಿದರು, ನೂರಕ್ಕೆ 58ರಷ್ಟು ಇಳಿಕೆ. ಮೂತ್ರದ ಅಂಕಿ ಏನೂ ಮಾಡದಿದ್ದರೂ ಒಂದು ದಿನಕ್ಕೂ ಇನ್ನೊಂದು ದಿನಕ್ಕೂ ನೂರಕ್ಕೆ 20, 30 ಹೆಚ್ಚುಕಮ್ಮಿ ಆಗುತ್ತದೆ, ಹಾಗಾಗಿ ಅವರು ಹತ್ತಿರ ಹತ್ತಿರ ಅರ್ಧಕ್ಕೆ ಇಳಿಯುವವರೆಗೆ ಇಳಿದಿದೆ ಅಂತ ಒಪ್ಪುವುದಿಲ್ಲವಂತೆ. ನನ್ನದು 74ರಿಂದ 58ಕ್ಕೆ ಬಂದಿದ್ದರೆ ನಾನು ಹಿಗ್ಗುತ್ತಿದ್ದೆ, ಅವರು ಸುಮ್ಮನಿರುತ್ತಿದ್ದರು. ಈ ಇಳಿಕೆಯಲ್ಲಿ ಒಂದು ಪಾಲು ಡಿ ವಿಟಮಿನ್ ಸರಿಹೋಗಿದ್ದಕ್ಕೂ ಇರಬಹುದು, ಕಿರುಬೆರಳು ವಾಸಿಯಾಗಿದ್ದಕ್ಕೂ ಇರಬಹುದು ಅಂತಲೂ ಹೇಳಿದರು. ಮಾತ್ರೆ ಹೊಟ್ಟೆಗೆ ಹೋಗಿ ಕೆಲಸ ಮಾಡುತ್ತಿದೆ ಅನ್ನಲು ಇಷ್ಟು ಸಾಕು. ಗೋಡೆ ದಪ್ಪವಾಗಿದೆಯೋ ಇಲ್ಲವೋ ಮುಂದಿನ ವರ್ಷದ ಸ್ಕ್ಯಾನ್ ಹೇಳಬೇಕು. ಅಂಕಿ ಇಳಿಯದಿದ್ದರೆ ಏನು ಮಾಡುತ್ತಿದ್ದಿರಿ ಅಂತ ಕೇಳಿದೆ. "ಮೊದಲು ನೀವು ಮಾತ್ರೆ ಸರಿಯಾಗಿ ನುಂಗ್ತಾ ಇದ್ದೀರಾ ಅಂತ ಕೇಳ್ತಿದ್ದೆ" ಅಂದರು.

ಮನೆಗೆ ಬಂದು ಅಕ್ಕನಿಗೆ ಫೋನ್ ಮಾಡಿದೆ. ಅವಳಿಗೆ 55, ಅವಳೂ ಅದೇ ಅಮ್ಮನ ಮಗಳು, ಹೋದ ತಿಂಗಳು ಅವಳ ಸ್ಕ್ಯಾನ್ ಆಯಿತು, ಈಗ ಅವಳಿಗೂ ಇದೇ ಚೀಟಿ ಬರೆದಿದ್ದಾರೆ. ಬೆಳಗಿನ ಎರಡನೇ ಸಲದ್ದು, ಡಬ್ಬಿಯ ಪಕ್ಕೆಗೆ ಹೆಸರು, ಹೊತ್ತು ಬರೆಯೋದು, ಅದೇ ಲ್ಯಾಬು ಅಂತ ಒಂದೇ ಉಸಿರಿಗೆ ಹೇಳಿದೆ. ಅವಳು ಎಲ್ಲ ಕೇಳಿಸಿಕೊಂಡು, "ಅಯ್ಯೋ, ನಿನ್ನೆ ಮಧ್ಯಾಹ್ನನೇ ಕೊಟ್ಟು ಬಂದೆನಲ್ಲೇ" ಅಂದಳು.